ಉರಿಯದ ಬಟ್ಟೆಯ ಹುಡುಕಾಟ

ಪಟಿಕ, ಬಿಳಿಗಾರ, ನವಸಾಗರ: ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಥೆ

ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕ, ಅಕ್ಕಸಾಲಿಗನು ಬೆಸುಗೆಗೆ ಬಳಸುವ ಬಿಳಿಗಾರ, ಕಲಾಯಿಯವನು ಕಾದ ಪಾತ್ರೆಯೊಳಗೆ ಎರಚುವ ನವಸಾಗರ, ಈ ಮೂರನ್ನೂ ಕಾಣದ ಕನ್ನಡಿಗರು ಹಳೆಯ ತಲೆಮಾರಿನಲ್ಲಿ ವಿರಳ. ಹೋಟೆಲಿನ ಅಡಿಗೆಮನೆಯಲ್ಲಿ ದುಡಿದ ಹಿರಿಯರಂತೂ ಕಲಾಯಿಯವನ ತಿದಿಯನ್ನೂ, ಆ ನವಸಾಗರದ ಬಿಳಿಯ ಹೊಗೆಯನ್ನೂ, ಮೂಗಿಗೇರುವ ಅದರ ಘಾಟನ್ನೂ ಮರೆತಿರಲಾರರು. ಬಟ್ಟೆಗೆ ಬೆಂಕಿ ಹತ್ತದಂತೆ ತಡೆಯುವ ಗುಣ ಈ ಮೂರರಲ್ಲಿಯೂ ಉಂಟೆಂಬುದು ಮಾತ್ರ ಬಹು ಜನಕ್ಕೆ ತಿಳಿಯದ ಸಂಗತಿ. ಯೂರೋಪಿನ ವಿದ್ವಾಂಸರಿಗೆ ಇದು ತಿಳಿದು ಇನ್ನೂರು ವರ್ಷಗಳಿಗೂ ಹೆಚ್ಚಾಯಿತು. ಹೀಗೆ ತಿಳಿದಿದ್ದರೂ ಅಲ್ಲಿಯ ಜನ ಒಂದು ಶತಮಾನ ಕಾಲ ತಮ್ಮ ನರ್ತಕಿಯರನ್ನೂ, ಮನೆಯ ಹೆಂಗಸರನ್ನೂ, ಕೊನೆಗೆ ಎಳೆಯ ಕೂಸುಗಳನ್ನೂ ಬೆಂಕಿಗೆ ಒಪ್ಪಿಸುತ್ತ ಬಂದುದು ಹೇಗೆ? ಅದೊಂದು ವಿಚಿತ್ರವಾದ ಕಥೆ.

1735ರಷ್ಟು ಹಿಂದೆಯೇ ಒಬಡಯ ವೈಲ್ಡ್ ಎಂಬ ಆಂಗ್ಲನು ಪಟಿಕ, ಬಿಳಿಗಾರ, ಅನ್ನಭೇದಿಗಳ ಮಿಶ್ರಣದಿಂದ ಬಟ್ಟೆಯನ್ನು ಬೆಂಕಿಯಿಂದ ಕಾಪಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. ಆದರೆ ಈ ವಿಷಯವನ್ನು ಶಾಸ್ತ್ರವಾಗಿ ಪರಿಶೀಲಿಸಿದ ಕೀರ್ತಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್‌ನಿಗೆ ಸಲ್ಲಬೇಕು. ನಾಟಕಶಾಲೆಗಳ ಪರದೆಗಳಿಗೆ ಬೆಂಕಿ ಹತ್ತದಂತೆ ಉಪಾಯ ಹುಡುಕಬೇಕೆಂದು ದೊರೆ ಹದಿನೆಂಟನೆಯ ಲೂಯಿಯು ಆತನನ್ನು ಕೇಳಿಕೊಂಡನು. ಗೇ-ಲುಸಾಕ್‌ನು ಹಲವು ಲವಣಗಳ ದ್ರಾವಣಗಳಲ್ಲಿ ಬಟ್ಟೆಯ ತುಂಡುಗಳನ್ನು ಅದ್ದಿ, ಒಣಗಿಸಿ, ಉರಿಗೆ ಹಿಡಿದು ನೋಡಿ, 1821ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದನು. ನವಸಾಗರ, ಅಮೋನಿಯಂ ಫಾಸ್ಫೇಟ್, ಅಮೋನಿಯಂ ಸಲ್ಫೇಟ್, ಬಿಳಿಗಾರ, ಇವುಗಳಲ್ಲಿ ಅದ್ದಿದ ಬಟ್ಟೆ ಬೆಂಕಿ ತಾಗಿದ ಕಡೆ ಕರಿಕಾಗುವುದೇ ಹೊರತು ಜ್ವಾಲೆಯಾಗಿ ಹಬ್ಬುವುದಿಲ್ಲ ಎಂಬುದೇ ಆ ನಿರ್ಣಯ.

ಇದರ ಮರ್ಮವೇನು? ಹತ್ತಿಯ ಬಟ್ಟೆ ಹೊತ್ತಿಕೊಂಡಾಗ ಜ್ವಾಲೆಯಾಗಿ ಏಳುವುದು ನೂಲಲ್ಲ, ಕಾವಿಗೆ ನೂಲಿನಿಂದ ಹೊರಡುವ ಅನಿಲ. ಬಿಳಿಗಾರದಂಥ ಲವಣವು ಕಾವಿಗೆ ಕರಗಿ, ಗಾಜಿನ ಪೊರೆಯಂತೆ ನೂಲನ್ನು ಕವಿದು, ಗಾಳಿಯ ಸಂಪರ್ಕವನ್ನು ತಪ್ಪಿಸುತ್ತದೆ. ನವಸಾಗರದಂಥದು ಕಾವಿಗೆ ಒಡೆದು, ತಾನು ಉರಿಯದ ಆವಿಯನ್ನು ಬಿಟ್ಟು, ಉರಿಯುವ ಅನಿಲದ ಬಲವನ್ನು ಕುಗ್ಗಿಸುತ್ತದೆ. ಈ ಎರಡು ಬಗೆಯನ್ನೂ ಗೇ-ಲುಸಾಕ್‌ನೇ ಗುರುತಿಸಿದ್ದನು. ಫಾಸ್ಫೇಟಿನ ಕೆಲಸ ಇನ್ನೂ ಸೂಕ್ಷ್ಮ. ಅದರಿಂದ ಹುಟ್ಟುವ ಆಮ್ಲವು ನೂಲಿನ ದ್ರವ್ಯವನ್ನು ನೀರಾಗಿಯೂ ಇದ್ದಿಲಾಗಿಯೂ ಮಾರ್ಪಡಿಸಿಬಿಡುವುದರಿಂದ ಉರಿಯುವ ಅನಿಲಕ್ಕೆ ಹುಟ್ಟಲು ಆಸ್ಪದವೇ ಕಡಿಮೆಯಾಗುತ್ತದೆ.

ಪ್ರಸಂಗವಶಾತ್ ಒಂದು ಮಾತು. ಬಿಳಿಗಾರಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟು. ಇಟಲಿ, ಅಮೆರಿಕಗಳಲ್ಲಿ ಅದರ ನಿಕ್ಷೇಪಗಳು ಕೈಗೆ ಬರುವ ಮುನ್ನ ಯೂರೋಪಿಗೆ ಬೇಕಾದ ಬಿಳಿಗಾರವೆಲ್ಲ ಬಹುಮಟ್ಟಿಗೆ ಟಿಬೆಟ್ಟಿನ ಸರೋವರಗಳಿಂದ, ಕುರಿ ಮೇಕೆಗಳ ಬೆನ್ನ ಮೇಲೆ ಹಿಮಾಲಯದ ಕಣಿವೆಗಳನ್ನು ದಾಟಿ, ಭಾರತದ ವರ್ತಕರ ಕೈಯಿಂದ ಹೋಗುತ್ತಿತ್ತು. ಆಂಗ್ಲರು ಅದನ್ನು ‘ಟಿಂಕಲ್’ ಎಂದು ಕರೆದುದರಲ್ಲಿ ಸಂಸ್ಕೃತದ ‘ಟಂಕಣ’ ಶಬ್ದದ ಪ್ರತಿಧ್ವನಿಯುಂಟು.

ಪಂಜರದ ಪಾವಾಡೆ

ವಿಕ್ಟೋರಿಯಾ ರಾಣಿಯು 1837ರಲ್ಲಿ ಪಟ್ಟಕ್ಕೆ ಬಂದಾಗ ಔಷಧ ಹೀಗೆ ಸಿದ್ಧವಾಗಿಯೇ ಇದ್ದಿತು. ರೋಗ ಬಲಿತದ್ದು ಆ ಬಳಿಕ. ಲಂಕಾಷೈರಿನ ಗಿರಣಿಗಳು ತೆಳು ಮಸ್ಲಿನ್ ಬಟ್ಟೆಯನ್ನು ಹಿಂದೆಂದೂ ಇಲ್ಲದಷ್ಟು ಅಗ್ಗವಾಗಿ ನೇಯ್ದು ಹಾಕಿದವು. ಯಂತ್ರದಿಂದ ನೇಯ್ದ ಬಲೆಯಂಥ ಬಟ್ಟೆ, ಗಂಜಿ ಹಾಕಿ ಗರಿಗರಿಯಾಗಿಸಿದ ಟಾರ್ಲಟನ್ ಎಂಬ ಜಾಳು ಬಟ್ಟೆ, ಇವೆಲ್ಲ ಬಡವಳಿಗೂ ಎಟಕುವ ಬೆಲೆಗೆ ಬಂದವು. ಉಣ್ಣೆಯ ಬಟ್ಟೆಗೆ ಬೆಂಕಿ ಸುಲಭವಾಗಿ ಹತ್ತದು, ಹತ್ತಿದರೂ ಮೆಲ್ಲಗೆ ಕಮರುತ್ತದೆ. ಎಳೆಗೂ ಎಳೆಗೂ ನಡುವೆ ಗಾಳಿಯಾಡುವ ತೆಳು ಹತ್ತಿಬಟ್ಟೆಯಾದರೋ ಕಾಗದದಂತೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮನೆಮನೆಯಲ್ಲಿ ತೆರೆದ ಅಗ್ಗಿಷ್ಟಿಕೆ, ಗೋಡೆಗೆ ಮೋಂಬತ್ತಿ ಅಥವಾ ಗ್ಯಾಸಿನ ದೀಪ, ಅವುಗಳ ನಡುವೆ ಈ ಉಡುಪು.

1856ರಲ್ಲಿ ಇದಕ್ಕೆ ಕ್ರಿನೊಲಿನ್ ಎಂಬ ಪಂಜರ ಬಂದು ಸೇರಿತು. ಕೋಳಿ ಕವಿಯುವ ಬುಟ್ಟಿಯ ಆಕಾರದಲ್ಲಿ ಉಕ್ಕಿನ ತೆಳು ಬಳೆಗಳನ್ನು ಪಟ್ಟಿಗಳಿಂದ ಪೋಣಿಸಿ, ಸೊಂಟಕ್ಕೆ ಕಟ್ಟಿಕೊಂಡು, ಅದರ ಮೇಲೆ ಗಜಗಟ್ಟಲೆ ಬಟ್ಟೆಯ ಪಾವಾಡೆಯನ್ನು ಹರಡುವುದು. ಅದುವರೆಗೆ ಐದಾರು ಒಳಪಾವಾಡೆಗಳ ಭಾರ ಹೊತ್ತು ಬೆವರುತ್ತಿದ್ದ ಹೆಂಗಸರಿಗೆ ಇದು ಬಿಡುಗಡೆಯಂತೆಯೇ ತೋರಿತೆಂದು ಹೇಳಿದರೆ ಅನ್ಯಾಯವಾಗದು. ಹಗುರ, ಅಗ್ಗ, ನೋಡಲು ಠೀವಿ. ದೊರೆಸಾನಿಯರಿಂದ ಹಿಡಿದು ಮನೆಗೆಲಸದ ಹುಡುಗಿಯರವರೆಗೆ ಎಲ್ಲರೂ ಅದನ್ನು ತೊಟ್ಟರು.

ಹೋಟೆಲಿನ ಒಲೆಯ ಮುಂದೆ ನಿಲ್ಲುವವನು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳುತ್ತಾನೆ. ತನ್ನ ಬಟ್ಟೆಯ ಅಂಚು ಎಲ್ಲಿದೆ ಎಂಬ ಅರಿವು ಅವನ ಮೈಗೇ ಇರುತ್ತದೆ. ಕ್ರಿನೊಲಿನ್ ತೊಟ್ಟವಳಿಗೆ ಆ ಅರಿವಿಲ್ಲ. ಮೈಯಿಂದ ಎರಡು ಮೂರು ಅಡಿ ದೂರದಲ್ಲಿ, ತನ್ನ ಬೆನ್ನ ಹಿಂದೆ, ಸೆರಗು ಅಗ್ಗಿಷ್ಟಿಕೆಯನ್ನು ಮುಟ್ಟಿದರೂ ಆಕೆಗೆ ತಿಳಿಯದು. ತಿಳಿಯುವ ಹೊತ್ತಿಗೆ ಪಂಜರದ ಒಳಗಿನ ಗಾಳಿಯೇ ಚಿಮಣಿಯಂತೆ ಉರಿಯನ್ನು ಮೇಲಕ್ಕೆ ಸೆಳೆದಿರುತ್ತದೆ. ಯಾರಾದರೂ ಕಂಬಳಿ ಹೊದಿಸಿ ಆರಿಸೋಣವೆಂದರೆ ಉಕ್ಕಿನ ಬಳೆಗಳು ಕಂಬಳಿಯನ್ನು ಮೈಗೆ ತಾಗಗೊಡುವುದಿಲ್ಲ.

ಅಮೆರಿಕದ ಪ್ರಸಿದ್ಧ ಕವಿ ಲಾಂಗ್‌ಫೆಲೋನ ಪತ್ನಿ ಫ್ಯಾನಿಯು 1861ರ ಜುಲೈ 9ರಂದು ತನ್ನ ಮನೆಯಲ್ಲಿಯೇ ಕುಳಿತಿದ್ದಾಗ ಉಡುಪಿಗೆ ಬೆಂಕಿ ಹತ್ತಿತು. ಕಡ್ಡಿಯೋ, ಲಕೋಟೆಗೆ ಹಾಕುವ ಅರಗಿನ ಕಿಡಿಯೋ, ಹೇಳಿಕೆಗಳು ಭಿನ್ನವಾಗಿವೆ. ಪಕ್ಕದ ಕೋಣೆಯಿಂದ ಓಡಿಬಂದ ಕವಿಯು ನೆಲಹಾಸನ್ನು ಸುತ್ತಿ, ಅದು ಸಾಲದಾಗಲು ತನ್ನ ಮೈಯನ್ನೇ ಒತ್ತಿ ಉರಿಯನ್ನಾರಿಸಿದನು. ಮರುದಿನ ಆಕೆ ತೀರಿಕೊಂಡಳು. ತಾನೂ ಸುಟ್ಟು ಹಾಸಿಗೆ ಹಿಡಿದಿದ್ದ ಗಂಡನಿಗೆ ಶವಸಂಸ್ಕಾರಕ್ಕೆ ಹೋಗುವುದೂ ಸಾಧ್ಯವಾಗಲಿಲ್ಲ. ಚಿತ್ರಗಳಲ್ಲಿ ನಾವು ಕಾಣುವ ಲಾಂಗ್‌ಫೆಲೋನ ನೀಳವಾದ ಬಿಳಿಯ ಗಡ್ಡ ಬೆಳೆದುದು ಆ ಸುಟ್ಟಗಾಯಗಳಿಂದಾಗಿ. ಆರು ವರ್ಷಗಳ ಬಳಿಕ, 1867ರಲ್ಲಿ, ಆಸ್ಟ್ರಿಯಾದ ರಾಜಮನೆತನದ ಮಟಿಲ್ಡಾ ಎಂಬ ಹದಿನೆಂಟರ ಕುವರಿಯು ತಂದೆಗೆ ಕಾಣದಿರಲೆಂದು ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟು, ಉಡುಪು ಹೊತ್ತಿ ಸತ್ತಳು. ಇವು ಹೆಸರುಳ್ಳವರ ಮನೆಯ ಸಾವುಗಳಾದುದರಿಂದ ಚರಿತ್ರೆಯಲ್ಲಿ ಉಳಿದಿವೆ. ಬೆಳಗಿನ ಜಾವ ಯಜಮಾನನ ಮನೆಯ ಅಗ್ಗಿಷ್ಟಿಕೆಯನ್ನು ಹೊತ್ತಿಸಲು ಬಗ್ಗಿ ಸುಟ್ಟುಕೊಂಡ ಕೆಲಸದ ಹುಡುಗಿಯರ ಹೆಸರುಗಳನ್ನು ಬರೆದಿಟ್ಟವರು ಕಡಿಮೆ.

ರಾಣಿಯ ಅಗಸಗಿತ್ತಿಯರು

ಲಂಡನ್ನಿನಲ್ಲಿದ್ದ ವರ್ಸ್‌ಮನ್, ಓಪನ್‌ಹೈಮ್ ಎಂಬ ಇಬ್ಬರು ರಸಾಯನಜ್ಞರು ಸುಮಾರು ನಾಲ್ವತ್ತು ಲವಣಗಳನ್ನು ಮಸ್ಲಿನ್ ಬಟ್ಟೆಯ ಮೇಲೆ ಒಂದೊಂದಾಗಿ ಪ್ರಯೋಗಿಸಿ, 1859ರಲ್ಲಿ ಅಬರ್ಡೀನ್ ನಗರದಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ ತಮ್ಮ ಫಲಿತಾಂಶವನ್ನು ಓದಿದರು. ಇವರ ವೈಶಿಷ್ಟ್ಯವೆಂದರೆ, ಪ್ರಯೋಗಶಾಲೆಯಲ್ಲಿಯೇ ನಿಲ್ಲದೆ ರಾಣಿಯ ಬಟ್ಟೆ ಒಗೆಯುವ ಮನೆಗೂ ಹೋಗಿ ಅಲ್ಲಿ ತಮ್ಮ ಲವಣಗಳನ್ನು ಪರೀಕ್ಷಿಸಿದುದು. ಬೆಂಕಿಯನ್ನು ತಡೆದರೆ ಸಾಲದು. ಆ ಬಟ್ಟೆಯ ಮೇಲೆ ಇಸ್ತ್ರಿ ಓಡಬೇಕು, ಬಣ್ಣ ಕೆಡಬಾರದು, ನೂಲು ಜೀರ್ಣವಾಗಬಾರದು, ವೆಚ್ಚ ಕೈಗೆಟಕಬೇಕು. ಅಗಸಗಿತ್ತಿಯ ಈ ನಾಲ್ಕು ಪ್ರಶ್ನೆಗಳ ಮುಂದೆ ಬಹುತೇಕ ಲವಣಗಳು ಸೋತವು. ಪಟಿಕವು ನೂಲನ್ನು ಬಲಗೆಡಿಸಿತು. ಅಮೋನಿಯಂ ಫಾಸ್ಫೇಟ್ ದುಬಾರಿ. ಅಮೋನಿಯಂ ಸಲ್ಫೇಟ್ ಅಗ್ಗವೇನೋ ಹೌದು. ಗಿರಣಿಯಿಂದ ಹೊಸದಾಗಿ ಬರುವ ಬಟ್ಟೆಗೆ ಸರಿ, ಆದರೆ ಅದ್ದಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಸರಾಗವಾಗಿ ಜಾರದು.

ಇಸ್ತ್ರಿಯ ಪರೀಕ್ಷೆಯಲ್ಲಿ ಗೆದ್ದುದು ಸೋಡಿಯಂ ಟಂಗ್‌ಸ್ಟೇಟ್. ಇದರ ಮೂಲವೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಳಲ್ಲಿ ತವರದ ಅದಿರಿಗೆ ಅಂಟಿಕೊಂಡು ಬಂದು ಕಾಟ ಕೊಡುತ್ತಿದ್ದ ವುಲ್ಫ್ರಂ ಎಂಬ ಅದಿರನ್ನು ಸೋಡಾದೊಂದಿಗೆ ಹುರಿದು ಬೇರ್ಪಡಿಸುವ ವಿಧಾನವನ್ನು ಆಕ್ಸ್‌ಲಂಡ್ ಎಂಬಾತನು 1840ರ ದಶಕದಲ್ಲಿ ಕಂಡುಹಿಡಿದಿದ್ದನು. ಹಾಗೆ ಬೇರ್ಪಟ್ಟು ದೊರೆಯುವುದೇ ಈ ಲವಣ. ಅಂದು ಅದಕ್ಕೆ ಹೇಳಿಕೊಳ್ಳುವಂಥ ಉಪಯೋಗವಿರಲಿಲ್ಲ. ಈಗ ಅದಕ್ಕೆ ಸ್ವಲ್ಪ ಸೋಡಿಯಂ ಫಾಸ್ಫೇಟ್ ಬೆರೆಸಿ, ಒಗೆದ ಬಟ್ಟೆಯನ್ನು ಅದ್ದಿ ಹಿಂಡಿ ಇಸ್ತ್ರಿ ಮಾಡಿದರೆ ಬಟ್ಟೆ ನೋಡಲು ಮೊದಲಿನಂತೆಯೇ ಇರುತ್ತಿತ್ತು. ರಾಣಿಯ ಮಡಿಬಟ್ಟೆಗಳಿಗೆ ಅದನ್ನು ಬಳಸತೊಡಗಿದರು. ಬೆಂಕಿ ತಡೆಯುವ ಗಂಜಿಯ ಪೊಟ್ಟಣಗಳೂ ಅಂಗಡಿಗೆ ಬಂದವು.

ಅದೇ ಸುಮಾರಿಗೆ ಫ್ಲಾರೆನ್ಸ್ ನೈಟಿಂಗೇಲಳು ದಾದಿಯರಿಗಾಗಿ ಬರೆದ ತನ್ನ ಪುಸ್ತಕದಲ್ಲಿ ಕ್ರಿನೊಲಿನ್ ತೊಡುವವರನ್ನು ಚೆನ್ನಾಗಿ ಝಾಡಿಸಿದ್ದಾಳೆ. ಮೂರ್ಖತನವನ್ನು ಬಿಡಲಾರಿರಾದರೆ ಗಂಜಿಗೆ ಒಂದಿಷ್ಟು ಪಟಿಕವನ್ನಾದರೂ ಬೆರೆಸಿಕೊಳ್ಳಿರಿ, ಇದು ಔಷಧದ ಅಂಗಡಿಯವರೆಲ್ಲರೂ ಬಲ್ಲ ಉಪಾಯ ಎಂಬುದು ಆಕೆಯ ಮಾತಿನ ತಾತ್ಪರ್ಯ. ಆಕೆಯ ಸಿಟ್ಟು ನ್ಯಾಯವಾದುದೇ. ಆದರೆ ತೊಡಕು ಬರಿಯ ಮೂರ್ಖತನದಲ್ಲಿರಲಿಲ್ಲ ಎಂದು ಈ ಲೇಖಕನ ಅಭಿಪ್ರಾಯ. ಈ ಲವಣಗಳೆಲ್ಲ ನೀರಿನಲ್ಲಿ ಕರಗುವಂಥವು. ಒಂದು ಸಲ ಒಗೆದರೆ ರಕ್ಷಣೆಯೂ ನೀರಿನೊಡನೆ ಹೋಯಿತು. ಪ್ರತಿ ಒಗೆತಕ್ಕೂ ಮತ್ತೆ ಅದ್ದಬೇಕು, ಮತ್ತೆ ಹಣ ತೆರಬೇಕು, ಮುಖ್ಯವಾಗಿ ಮತ್ತೆ ನೆನಪಿಡಬೇಕು. ರಾಣಿಯ ಮನೆಯಲ್ಲಿ ಅದಕ್ಕೆಂದೇ ಆಳುಗಳಿದ್ದರು. ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಂದು ರಾತ್ರಿ ಬಟ್ಟೆ ಒಗೆಯುವವಳಿಗೆ ಆ ಸೌಕರ್ಯವೆಲ್ಲಿಯದು?

ರಂಗದ ಮೇಲೆ

ಇನ್ನೊಂದು ತೊಡಕು ಸೌಂದರ್ಯದ್ದು. ಅದನ್ನು ತಿಳಿಯಲು ನಾಟಕಶಾಲೆಗೆ ಹೋಗಬೇಕು.

ಅಂದಿನ ನರ್ತಕಿಯರು ರಂಗದ ಅಂಚಿನಲ್ಲಿಯೂ ಪಕ್ಕಗಳಲ್ಲಿಯೂ ಸಾಲಾಗಿ ಉರಿಯುವ ತೆರೆದ ದೀಪಗಳ ನಡುವೆ, ಪದರ ಪದರವಾದ ಜಾಳು ಪಾವಾಡೆ ತೊಟ್ಟು ಕುಣಿಯಬೇಕಾಗಿತ್ತು. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ಯುವ ನರ್ತಕಿಯು ಪ್ರೇಕ್ಷಕರ ಕಣ್ಣೆದುರಿಗೇ ಉರಿದು, ಮೂರು ದಿನಗಳ ಬಳಿಕ ಸತ್ತಳು. 1861ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೇಷ ತೊಡುವ ಕೋಣೆಯ ಗ್ಯಾಸಿನ ದೀಪಕ್ಕೆ ಒಬ್ಬ ನರ್ತಕಿಯ ಉಡುಪು ತಾಗಿ, ಅವಳನ್ನು ಉಳಿಸಲು ಹೋದವರಿಗೂ ಉರಿ ಹಬ್ಬಿ, ಗೇಲ್ ಎಂಬ ಸೋದರಿಯರೂ ಸೇರಿ ಕಡಿಮೆಯೆಂದರೂ ಆರು ಮಂದಿ ಅಸು ನೀಗಿದರು.

ಫ್ರಾನ್ಸಿನ ಸರಕಾರವು ಈ ವಿಷಯದಲ್ಲಿ ಉಳಿದವರಿಗಿಂತ ಮುಂದಾಗಿತ್ತೆನ್ನಬೇಕು. ಕಾರ್ತೆರೋನ್ ಎಂಬಾತನು ಸಿದ್ಧಪಡಿಸಿದ ಲವಣದ್ರಾವಣದಲ್ಲಿ ರಂಗದ ಪರದೆಗಳನ್ನೂ ಉಡುಪುಗಳನ್ನೂ ಅದ್ದತಕ್ಕದ್ದೆಂದು 1859ರಲ್ಲಿಯೇ ಸಾಮ್ರಾಟನ ಆಜ್ಞೆ ಹೊರಟಿತು. ಆದರೆ ಅದ್ದಿದ ಪಾವಾಡೆ ಬಿರುಸಾಗಿ ಮಾಸಲು ಬಣ್ಣಕ್ಕೆ ತಿರುಗುತ್ತಿತ್ತು. ಪ್ಯಾರಿಸ್ಸಿನ ಒಪೇರಾದ ಹೆಸರಾಂತ ನರ್ತಕಿ ಎಮ್ಮಾ ಲಿವ್ರಿಯು ಅದನ್ನು ತೊಡಲೊಪ್ಪಲಿಲ್ಲ. ತಾನು ಎಂದಿನ ಪಾವಾಡೆಯಲ್ಲಿಯೇ ನರ್ತಿಸುವೆನೆಂದೂ, ಅದರಿಂದ ಏನಾದರೂ ಒದಗಿದಲ್ಲಿ ಹೊಣೆ ತನ್ನದೇ ಎಂದೂ 1860ರಲ್ಲಿ ಒಪೇರಾದ ಆಡಳಿತಕ್ಕೆ ಬರೆದುಕೊಟ್ಟಳು.

ಆಗ ಆಕೆಗೆ ಹದಿನೆಂಟು ವರ್ಷ. ಹದಿನಾರಕ್ಕೇ ರಂಗವೇರಿ, ಆ ಕಾಲದ ಮಹಾನರ್ತಕಿ ಮರಿ ತಾಲ್ಯೋನಿಯ ಶಿಷ್ಯೆಯಾಗಿ, ನೆಲ ಮುಟ್ಟದಂತೆ ಕುಣಿಯುವವಳೆಂದು ಹೆಸರಾಗಿದ್ದಳು. ತಾಲ್ಯೋನಿಯು ಈ ಹುಡುಗಿಗಾಗಿಯೇ ‘ಚಿಟ್ಟೆ’ ಎಂಬ ನೃತ್ಯನಾಟಕವನ್ನು ಸಂಯೋಜಿಸಿದಳು. ಅದರಲ್ಲಿ ಚಿಟ್ಟೆಯಾದ ಕನ್ಯೆಯು ಪಂಜಿನ ಬೆಳಕಿಗೆ ಮರುಳಾಗಿ ಹತ್ತಿರ ಹೋಗಲು ರೆಕ್ಕೆಗಳು ಸುಟ್ಟು ಸೀದುಹೋಗುತ್ತವೆ. ಇಂಥದನ್ನು ಕಥೆಗಾರನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು.

1862ರ ನವೆಂಬರ್ 15ರಂದು ಒಪೇರಾದಲ್ಲಿ ಒಂದು ಗೀತನಾಟಕದ ಪೂರ್ವಾಭ್ಯಾಸ ನಡೆದಿತ್ತು. ಲಿವ್ರಿಯದು ಮೂಕ ಹುಡುಗಿಯ ಪಾತ್ರ. ತನ್ನ ಪ್ರವೇಶದ ಹೊತ್ತಿಗಾಗಿ ಕಾಯುತ್ತ ರಂಗಸಜ್ಜಿಕೆಯ ಮೇಲೆ ಕುಳಿತವಳು ಪಾವಾಡೆ ನಲುಗದಿರಲೆಂದು ಅದನ್ನು ಎತ್ತಿ ಕೊಡವಿಕೊಂಡಳು. ಆ ಬೀಸಿಗೆ ಪಕ್ಕದ ಗ್ಯಾಸಿನ ದೀಪದ ಉರಿ ಚಾಚಿತು. ಮರುಗಳಿಗೆಯಲ್ಲಿ ತನಗಿಂತ ಎತ್ತರಕ್ಕೆದ್ದ ಜ್ವಾಲೆಯ ನಡುವೆ ಆಕೆ ರಂಗದ ಉದ್ದಗಲಕ್ಕೂ ಓಡಿದಳು. ಓಡಿದಷ್ಟೂ ಉರಿ ಹೆಚ್ಚಿತು. ಅಗ್ನಿಶಾಮಕ ಸೇವಕನೊಬ್ಬನು ಹಿಡಿದು ಒದ್ದೆಯ ಕಂಬಳಿ ಸುತ್ತಿ ಆರಿಸುವ ಹೊತ್ತಿಗೆ ಮುಖವೊಂದನ್ನು ಬಿಟ್ಟು ಮೈಯ ಬಹುಭಾಗ ಬೆಂದಿತ್ತು. ಎಂಟು ತಿಂಗಳು ನರಳಿ, 1863ರ ಜುಲೈ 26ರಂದು ಆಕೆ ತೀರಿಕೊಂಡಳು. ಇಪ್ಪತ್ತೊಂದು ತುಂಬಿರಲಿಲ್ಲ. ಹಾಸಿಗೆಯಲ್ಲಿದ್ದಾಗ ಯಾರೋ ಅದ್ದಿದ ಪಾವಾಡೆಯ ಮಾತೆತ್ತಲು, ಅಪಾಯ ಕಡಿಮೆಯೇನೋ ನಿಜ, ಆದರೆ ಮತ್ತೆ ರಂಗಕ್ಕೆ ಹೋದರೂ ಅಷ್ಟು ಕುರೂಪದ ಬಟ್ಟೆಯನ್ನು ತೊಡೆನು ಎಂದಳಂತೆ.

ಇದನ್ನು ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಎದುರಿಗೆ ಕುಳಿತವರು ಕಾಸು ಕೊಟ್ಟು ಬಂದುದು ಆಕೆ ಗಾಳಿಯಲ್ಲಿ ತೇಲುವುದನ್ನು ನೋಡಲು. ಬಿರುಸಾದ ಪಾವಾಡೆ ತೊಟ್ಟು ತೇಲಲಾಗದು. ತೇಲದಿದ್ದರೆ ಸಂಬಳವಿಲ್ಲ, ಹೆಸರಿಲ್ಲ. ಹೊಟ್ಟೆಯ ಪಾಡಿಗಾಗಿ ಬೆಂಕಿಯ ಹತ್ತಿರ ನಿಂತವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಹೊಣೆ ತನ್ನದೆಂದು ಹದಿನೆಂಟರ ಹುಡುಗಿ ಬರೆದುಕೊಟ್ಟ ಕಾಗದವನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಿದವರನ್ನು ಕುರಿತು ಮಾತ್ರ ಏನು ಹೇಳಬೇಕೋ ತೋರದು.

ಕೊನೆಗೆ ರಂಗದಲ್ಲಿ ಬದಲಾದುದು ಬಟ್ಟೆಗಿಂತ ಹೆಚ್ಚಾಗಿ ದೀಪ. ಲಂಡನ್ನಿನ ಸವಾಯ್ ನಾಟಕಶಾಲೆಯು 1881ರಲ್ಲಿ ವಿದ್ಯುದ್ದೀಪಗಳನ್ನು ಅಳವಡಿಸಿಕೊಂಡಿತು. ಅದರ ಒಡೆಯ ಡಾಯ್ಲಿ ಕಾರ್ಟನು ರಂಗದ ಮೇಲೆ ಬಂದು, ಉರಿಯುತ್ತಿದ್ದ ಒಂದು ವಿದ್ಯುದ್ದೀಪಕ್ಕೆ ಮಸ್ಲಿನ್ ಬಟ್ಟೆಯನ್ನು ಸುತ್ತಿ, ಪ್ರೇಕ್ಷಕರೆದುರು ಅದನ್ನು ಒಡೆದು, ಬಟ್ಟೆಗೆ ಕಿಂಚಿತ್ತೂ ಸುಟ್ಟ ಕಲೆಯಿಲ್ಲವೆಂದು ಎತ್ತಿ ತೋರಿಸಿದನು. ಜನ ಚಪ್ಪಾಳೆ ತಟ್ಟಿದರು.

ಬಡವರ ಫ್ಲಾನೆಲ್

ಕ್ರಿನೊಲಿನ್ ಹೋಯಿತು, ರಂಗದ ಗ್ಯಾಸು ಹೋಯಿತು. ಸಾವು ಮಾತ್ರ ವಿಳಾಸ ಬದಲಿಸಿ ಬಡವರ ಮನೆಗೆ ಬಂದಿತು. 1870ರ ದಶಕದ ಕೊನೆಯಿಂದ ಫ್ಲಾನಲೆಟ್ ಎಂಬ ಬಟ್ಟೆ ಮಾರಾಟಕ್ಕೆ ಬಂದಿತು. ಉಣ್ಣೆಯ ಫ್ಲಾನೆಲ್ ಕೊಳ್ಳಲಾರದವರಿಗಾಗಿ ಹತ್ತಿಯ ಬಟ್ಟೆಯನ್ನೇ ತಂತಿಯ ಉರುಳೆಗಳಿಂದ ಕೆರೆದು ಮೇಲೆ ನವುರಾದ ಜುಂಗು ಎಬ್ಬಿಸಿದ ಬಟ್ಟೆ ಅದು. ಮುಟ್ಟಿದರೆ ಮೆತ್ತಗೆ, ತೊಟ್ಟರೆ ಬೆಚ್ಚಗೆ, ಬೆಲೆ ಅತ್ಯಲ್ಪ. ಕೂಲಿಕಾರರ ಮಕ್ಕಳ ರಾತ್ರಿಯ ಅಂಗಿಗಳೆಲ್ಲ ಅದರವೇ ಆದವು. ಆದರೆ ಆ ಜುಂಗಿಗೆ ಕಿಡಿ ತಾಗಿದರೆ ಉರಿಯು ಬಟ್ಟೆಯ ಮೇಲ್ಮೈಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದುಬಿಡುತ್ತಿತ್ತು. ತಾಯಿ ಕೆಲಸಕ್ಕೆ ಹೋದಾಗ ಚಳಿಗೆ ಒಲೆಯ ಹತ್ತಿರ ಕುಳಿತ ಮಕ್ಕಳು ಸುಟ್ಟು ಸತ್ತ ಸಂಗತಿ ಮರಣವಿಚಾರಣೆಯ ಅಧಿಕಾರಿಗಳ ಮುಂದೆ ಮತ್ತೆ ಮತ್ತೆ ಬಂದಿತು.

ಒಗೆದರೂ ಹೋಗದ ರಕ್ಷಣೆ ಬೇಕು ಎಂಬುದು ಈಗ ಸ್ಪಷ್ಟವಾಗಿತ್ತು. ಆ ಸಮಸ್ಯೆಯನ್ನು ಕೈಗೆತ್ತಿಕೊಂಡವನು ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಕಿರಿಯ ವಿಲಿಯಂ ಪರ್ಕಿನ್. 1856ರಲ್ಲಿ, ಕ್ರಿನೊಲಿನ್ ಬಂದ ವರ್ಷದಲ್ಲಿಯೇ, ಮೊಟ್ಟಮೊದಲ ಕೃತಕ ನೇರಿಳೆ ಬಣ್ಣವನ್ನು ಕಂಡುಹಿಡಿದ ಪರ್ಕಿನ್ನನ ಮಗನೀತ. ತಂದೆಯ ಬಣ್ಣ ಆ ಅಗಲವಾದ ಪಾವಾಡೆಗಳನ್ನು ಬೆಳಗಿಸಿತು, ಮಗನು ಬಟ್ಟೆಯನ್ನು ಬೆಂಕಿಯಿಂದ ಬಿಡಿಸಹೊರಟನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ರಾಣಿಯು ತೀರಿಕೊಂಡ ಬಳಿಕ, ಹಲವು ವರ್ಷಗಳ ಪ್ರಯೋಗಗಳಿಂದ ಆತನಿಗೆ ದೊರೆತ ಉತ್ತರ ಕಲಾಯಿಯವನ ಚೀಲದಲ್ಲಿರುವ ಮತ್ತೊಂದು ವಸ್ತು, ತವರ. ಬಟ್ಟೆಯನ್ನು ಮೊದಲು ಸೋಡಿಯಂ ಸ್ಟಾನೇಟ್ ಎಂಬ ತವರದ ಲವಣದಲ್ಲಿ ಅದ್ದಿ ಒಣಗಿಸಿ, ಬಳಿಕ ಅಮೋನಿಯಂ ಸಲ್ಫೇಟಿನಲ್ಲಿ ಅದ್ದಿದರೆ, ನೂಲಿನ ಒಳಗೇ ತವರದ ಆಕ್ಸೈಡು ಹುಟ್ಟಿ ಕುಳಿತುಬಿಡುತ್ತದೆ. ಅದು ನೀರಿನಲ್ಲಿ ಕರಗದು. ಸೋಪು ಹಾಕಿ ಎಷ್ಟು ಸಲ ಒಗೆದರೂ ಬಟ್ಟೆ ಉರಿಯದು, ಮೆದುತನವೂ ಕೆಡದು. ಮ್ಯಾಂಚೆಸ್ಟರಿನ ವಿಪ್ ಸೋದರರು ಮತ್ತು ಟಾಡ್ ಎಂಬವರ ಸಂಸ್ಥೆಯು ‘ನಾನ್‌ಫ್ಲಾಮ್’ ಎಂಬ ಹೆಸರಿನಿಂದ ಅದನ್ನು ಮಾರಿತು.

ಆದರೆ ತವರ ಅಗ್ಗದ ಲೋಹವಲ್ಲ. ಅಗ್ಗವೆಂಬ ಒಂದೇ ಕಾರಣಕ್ಕಾಗಿ ಫ್ಲಾನಲೆಟ್ ಕೊಳ್ಳುತ್ತಿದ್ದವಳಿಗೆ ಗಜಕ್ಕೆ ತುಸು ಹೆಚ್ಚಿನ ಬೆಲೆಯೂ ಹೆಚ್ಚೇ. ಕಾನೂನು ಏನು ಮಾಡಿತೆಂದರೆ, 1908ರಲ್ಲಿ ಏಳು ವರ್ಷದೊಳಗಿನ ಮಗುವಿರುವ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಜಾಲರಿಯ ತಡೆಯಿಲ್ಲದೆ ಆ ಮಗು ಸುಟ್ಟು ಸತ್ತರೆ, ಅಥವಾ ತೀವ್ರವಾಗಿ ಗಾಯಗೊಂಡರೆ, ಪೋಷಕರಿಗೆ ಹತ್ತು ಪೌಂಡುಗಳವರೆಗೆ ದಂಡ ವಿಧಿಸಿತು. ಜಾಲರಿ ಕೊಳ್ಳಲು ಕಾಸಿಲ್ಲದವಳು ಮಗುವನ್ನೂ ಕಳೆದುಕೊಂಡು ದಂಡವನ್ನೂ ತೆರಬೇಕು. 1913ರ ಇನ್ನೊಂದು ಕಾನೂನು, ಉರಿಯದ ಬಟ್ಟೆಯೆಂದು ಹೇಳಿಕೊಂಡು ಮಾರುವುದಾದರೆ ಅದು ಪರೀಕ್ಷೆಯಲ್ಲಿ ನಿಲ್ಲತಕ್ಕದ್ದು ಎಂದಿತು. ಹಾಗೆ ಹೇಳಿಕೊಳ್ಳದೆ ಉರಿಯುವ ಬಟ್ಟೆಯನ್ನು ಮಾರುವವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಮಕ್ಕಳ ರಾತ್ರಿಯ ಅಂಗಿ ಸುಲಭವಾಗಿ ಉರಿಯುವ ಬಟ್ಟೆಯದಾಗಿರಕೂಡದೆಂಬ ನಿಯಮ ಬ್ರಿಟನ್ನಿನಲ್ಲಿ ಬಂದುದು 1964ರಲ್ಲಿ. ಗೇ-ಲುಸಾಕ್‌ನು ತನ್ನ ಬಟ್ಟೆಯ ತುಂಡುಗಳನ್ನು ಉರಿಗೆ ಹಿಡಿದು ನೋಡಿ ಅಷ್ಟು ಹೊತ್ತಿಗೆ 143 ವರ್ಷಗಳಾಗಿದ್ದವು.

ಇಂದು ಬೆಸುಗೆಯವರೂ ಕುಲುಮೆಯ ಕೆಲಸಗಾರರೂ ತೊಡುವ ಉರಿಯದ ಹತ್ತಿಯ ಬಟ್ಟೆಗಳಲ್ಲಿ ಹಲವಕ್ಕೆ ಆಧಾರ ರಂಜಕದ ಸಂಯುಕ್ತಗಳೇ. ಗೇ-ಲುಸಾಕ್‌ನ ಫಾಸ್ಫೇಟ್ ನೀರಿಗೆ ಕರಗಿ ಹೋಗುತ್ತಿತ್ತು, ಇವನ್ನು ಒಗೆತಕ್ಕೆ ಜಗ್ಗದಂತೆ ನೂಲಿನೊಳಗೇ ನೆಲೆಗೊಳಿಸಿದ್ದಾರೆ. ಪ್ಯಾರಿಸ್ಸಿನ ಒಪೇರಾದ ವಸ್ತುಸಂಗ್ರಹಾಲಯದಲ್ಲಿ ಎಮ್ಮಾ ಲಿವ್ರಿಯ ಉಡುಪಿನ ಉಳಿದ ಚೂರುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.